ಲಕ್ಷದ್ವೀಪದಲ್ಲಿ ಅರ್ಧ ದಿನ: ಇಚಲಕರಂಜಿ ಭಾಗದ ಪ್ರವಾಸಿಗಳಿಗೆ ಬಹಿರಂಗ ಪತ್ರ

ಇಚಲಕರಂಜಿ, ಹಾತಕಣಂಗಲೆ, ಕೊಲ್ಹಾಪುರ, ಗಡಹಿಂಗ್ಲಜ ಭಾಗದ ಕನ್ನಡ ಕುಟುಂಬಗಳಿಗೆ. ದೀಪಾವಳಿಗೆ ಮಗ್ಗ ನಿಲ್ಲಿಸಿ ಪ್ರವಾಸ ಹೊರಡುವ ಮಾಲೀಕರು, ನೇಕಾರರಿಗೆ. ಟಿಕೆಟು ಒಟ್ಟಿಗೆ ತೆಗೆಸುವ ಮಹಿಳಾ ಮಂಡಳ, ಮಿತ್ರಮಂಡಳಗಳಿಗೆ —

ಮುಂಬಯಿಯಿಂದ ಹೊರಟು ಲಕ್ಷದ್ವೀಪವನ್ನು ಮುಟ್ಟಿ ಬರುವ ವಿಹಾರ ಹಡಗಿನ ಪ್ರವಾಸ 2021ರ ಸೆಪ್ಟೆಂಬರಿನಿಂದ ಚಾಲ್ತಿಗೆ ಬಂತು. ಈ ದಾರಿಯಲ್ಲಿ ಓಡುವುದು ಕಾರ್ಡೇಲಿಯಾ ಕ್ರೂಸಸ್ ಸಂಸ್ಥೆಯ ‘ಎಂಪ್ರೆಸ್’ ಹಡಗು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ, ಮೂರು ದಶಕ ಪರದೇಶದ ಸಮುದ್ರಗಳಲ್ಲಿ ಓಡಾಡಿದ ಈ ಹಡಗಿನ ಉದ್ದ ಸುಮಾರು 210 ಮೀಟರ್. ಒಮ್ಮೆಗೆ ಒಂದೂವರೆ ಸಾವಿರಕ್ಕೂ ಮಿಕ್ಕಿ ಜನರನ್ನು ಹೊರಬಲ್ಲದು. ಐದು ರಾತ್ರಿಗಳ ಪ್ರವಾಸದಲ್ಲಿ ದ್ವೀಪಕ್ಕೆ ದೊರೆಯುವುದು ಒಂದು ಹಗಲು. ಅದರಲ್ಲಿಯೂ ದೋಣಿಗಾಗಿ ಕಾಯುವ ಹೊತ್ತನ್ನು ಕಳೆದರೆ ಉಳಿಯುವುದು ಅರ್ಧ ದಿನ. ಉಳಿದದ್ದೆಲ್ಲ ಹಡಗಿನ ಮೇಲಿನ ಊಟ, ಈಜುಕೊಳ, ನಾಟಕಶಾಲೆ, ಕ್ಯಾಸಿನೊ. ಅವುಗಳ ವರ್ಣನೆ ಕಂಪನಿಯ ಬಣ್ಣದ ಪುಸ್ತಿಕೆಯಲ್ಲಿ ಬೇಕಾದಷ್ಟು ಇರುತ್ತದೆ. ಆ ಅರ್ಧ ದಿನದ ಬಗ್ಗೆ ಮಾತ್ರ ಅಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು.

ಲಕ್ಷದ್ವೀಪ ಎಂದರೆ 36 ದ್ವೀಪಗಳು, ಎಲ್ಲ ಸೇರಿ 32 ಚದರ ಕಿಲೋಮೀಟರ್ ನೆಲ. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64,473. ಜನವಸತಿ ಇರುವುದು ಹತ್ತು ಹನ್ನೊಂದು ದ್ವೀಪಗಳಲ್ಲಿ ಮಾತ್ರ. ಕೊಚ್ಚಿಯಿಂದ ಇವುಗಳ ದೂರ 220ರಿಂದ 440 ಕಿಲೋಮೀಟರಿನಷ್ಟು. ಸಮುದ್ರತಳದಿಂದ ಎದ್ದ ಬೆಟ್ಟಸಾಲಿನ ನೆತ್ತಿಯ ಮೇಲೆ ಹವಳದ ಹುಳುಗಳು ಸಾವಿರಾರು ವರ್ಷ ಕಟ್ಟಿದ ಸುಣ್ಣದ ಗೂಡುಗಳೇ ಈ ದ್ವೀಪಗಳ ಬುನಾದಿ. ನೆಲದ ಎತ್ತರ ಸಮುದ್ರಮಟ್ಟದಿಂದ ಒಂದೆರಡು ಮೀಟರ್, ಕೆಲವೆಡೆ ಅದಕ್ಕಿಂತ ತುಸು ಹೆಚ್ಚು. ಕಲ್ಲುಗುಡ್ಡವಿಲ್ಲ, ಹೊಳೆಯಿಲ್ಲ, ಹಳ್ಳವಿಲ್ಲ. ದ್ವೀಪದ ಒಂದು ಮಗ್ಗುಲಿಗೆ, ಹೆಚ್ಚಾಗಿ ಪಡುವಣಕ್ಕೆ, ಹವಳದ ಒಡ್ಡು ಬಳಸಿ ಬಂದು ನಡುವೆ ತಿಳಿಹಸಿರು ನೀರಿನ ಮಡುವನ್ನು ಹಿಡಿದಿಟ್ಟಿದೆ. ಪ್ರವಾಸಿಗರು ಫೋಟೋದಲ್ಲಿ ನೋಡಿ ಮರುಳಾಗುವ ಲಗೂನ್ ಅದೇ.

ಕನ್ನಡದವರಿಗೆ ಈ ದ್ವೀಪಗಳು ತೀರ ಹೊರಗಿನವಲ್ಲ. ಉತ್ತರದ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳ ಗುಂಪಿಗೆ ಅಮಿನಿದಿವಿ ಎಂದು ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಮಿನಿಯ ಜನ 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪುವಿನ ಆಶ್ರಯ ಕೇಳಿದರು. ಮುಂದೆ ಆ ದ್ವೀಪಗಳು ಮೈಸೂರಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಂಪನಿ ಸರಕಾರಕ್ಕೆ ಸೇರಿ, ಮಂಗಳೂರಿನ ಕಲೆಕ್ಟರರ ಅಧೀನಕ್ಕೆ ಬಂದವು. ದ್ವೀಪದವರ ತೆಂಗಿನ ನಾರನ್ನು ಸರಕಾರವೇ ಕೊಂಡು, ಬದಲಿಗೆ ಅಕ್ಕಿ ಅಳೆದು ಕೊಡುವ ಏಕಸ್ವಾಮ್ಯದ ವ್ಯವಸ್ಥೆ ಅಲ್ಲಿ ಬಹುಕಾಲ ನಡೆಯಿತು. ಅಳೆಯುವವನ ಕೈಯಲ್ಲಿಯೇ ದರವೂ ಇದ್ದರೆ ಏನಾಗುತ್ತದೆ ಎಂಬುದು ನೂಲು ಕೊಟ್ಟು ಬಟ್ಟೆ ಪಡೆಯುವ ಲೆಕ್ಕ ಗೊತ್ತಿರುವ ಊರಿಗೆ ತಿಳಿಯದ ಸಂಗತಿಯಲ್ಲ. 1956ರ ನವೆಂಬರ್ 1ರಂದು, ಕರ್ನಾಟಕ ಏಕೀಕರಣವಾದ ದಿನವೇ, ಅಮಿನಿದಿವಿಯನ್ನು ದಕ್ಷಿಣ ಕನ್ನಡದಿಂದಲೂ ಉಳಿದ ದ್ವೀಪಗಳನ್ನು ಮಲಬಾರಿನಿಂದಲೂ ಬಿಡಿಸಿ ಕೇಂದ್ರಾಡಳಿತ ಪ್ರದೇಶ ಮಾಡಲಾಯಿತು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಇಂದಿಗೂ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ತುಂಬಿದ ಸರಕು ಹಡಗುಗಳು ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುತ್ತವೆ. ಅದೇ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯ ಆಚೆಗೆ ಉಳಿದ ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡಿಗರಿಗೆ ಈ ಕಥೆಯಲ್ಲಿ ಒಂದು ದೂರದ ನೆಂಟಸ್ತಿಕೆ ಕಂಡರೆ ತಪ್ಪಿಲ್ಲ.

ಇಚಲಕರಂಜಿಯಿಂದ ಹಡಗಿನವರೆಗಿನ ದಾರಿ ಸುಲಭ. ಹಾತಕಣಂಗಲೆಗೆ ಹೋಗಿ ಕೊಲ್ಹಾಪುರದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗ್ಗೆ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್. ಅಲ್ಲಿಂದ ಬಲ್ಲಾರ್ಡ್ ಪಿಯರಿನ ಹಡಗುಕಟ್ಟೆ ಟ್ಯಾಕ್ಸಿಗೆ ಹತ್ತು ಹದಿನೈದು ನಿಮಿಷ. ಗೋವಾದ ಮುರಗಾಂವದಲ್ಲಿ ಹತ್ತಲು ಅವಕಾಶವಿರುವ ಪ್ರವಾಸವಾದರೆ ಗಡಹಿಂಗ್ಲಜದವರಿಗೆ ಆಜರಾ, ಅಂಬೋಲಿ, ಸಾವಂತವಾಡಿ ದಾರಿ ಹತ್ತಿರ. ಹಡಗಿನಲ್ಲಿ ಜೈನ ಊಟ ಸಿಗುವುದರಿಂದ ಈ ಭಾಗದ ಜೈನ, ಲಿಂಗಾಯತ ಮನೆಗಳ ಹಿರಿಯರು ಊಟದ ಚಿಂತೆ ಮಾಡಬೇಕಾಗಿಲ್ಲ.

ತೊಡಕು ಇರುವುದು ಇಳಿಯುವಲ್ಲಿ. ಸುಮಾರು ಏಳು ಮೀಟರ್ ನೀರಿನೊಳಗೆ ಮುಳುಗಿರುವ ಹಡಗು ಲಗೂನಿನ ತೆಳುನೀರಿಗೆ ಬರಲಾರದು. ಬಂದರೆ ಹವಳದ ಒಡ್ಡಿಗೆ ತಳ ತಾಗುತ್ತದೆ. ಆದ್ದರಿಂದ ಅದು ಒಡ್ಡಿನ ಹೊರಗೆ, ತೆರೆದ ಕಡಲಿನಲ್ಲಿ ನಿಲ್ಲುತ್ತದೆ. ಜನರನ್ನು ಸಣ್ಣ ದೋಣಿಗಳಲ್ಲಿ ತಂಡ ತಂಡವಾಗಿ ದಡಕ್ಕೆ ಒಯ್ಯಬೇಕು. ಹಡಗಿನ ಪಕ್ಕದ ಬಾಗಿಲಿನಿಂದ, ಏರುತ್ತ ಇಳಿಯುತ್ತ ಇರುವ ದೋಣಿಗೆ ಕಾಲಿಡುವ ಆ ಒಂದು ಕ್ಷಣವೇ ಇಡೀ ಪ್ರವಾಸದಲ್ಲಿ ಹೆಚ್ಚು ಜಾಗರೂಕತೆ ಬೇಡುವಂಥದ್ದು. ಮೊಣಕಾಲು ನೋವಿನವರು, ಗರ್ಭಿಣಿಯರು, ಎಳೆಮಕ್ಕಳನ್ನು ಎತ್ತಿಕೊಂಡವರು ಇದನ್ನು ಮುಂಬಯಿಯಲ್ಲಿ ಅಲ್ಲ, ಇಚಲಕರಂಜಿಯಲ್ಲಿಯೇ ಯೋಚಿಸಬೇಕು. ನೌವಾರಿ ಸೀರೆಯ ಕಚ್ಚೆ ಇಲ್ಲಿ ಸಾದಾ ಸೀರೆಯ ನೆರಿಗೆಗಿಂತ ಒಳ್ಳೆಯದು ಎಂಬುದು ತಮಾಷೆಯ ಮಾತಲ್ಲ.

ಅಲೆ ಹೆಚ್ಚಾದರೆ ದೋಣಿ ಇಳಿಸುವುದೇ ಇಲ್ಲ. ನೈರುತ್ಯ ಮಳೆಗಾಲದಲ್ಲಿ ಈ ಪ್ರವಾಸ ನಿಂತಿರುತ್ತದೆ. ಉಳಿದ ಹಂಗಾಮಿನಲ್ಲಿಯೂ ಅರಬ್ಬಿ ಸಮುದ್ರ ಸದಾ ಶಾಂತವಲ್ಲ: 2017ರ ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ ಓಖಿ ಚಂಡಮಾರುತ, 2021ರ ಮೇ ತಿಂಗಳಲ್ಲಿ ತೌಕ್ತೆ ಈ ದ್ವೀಪಗಳನ್ನು ಹಾದುಹೋದವು. ದ್ವೀಪದ ನಿಲುಗಡೆಯನ್ನು ರದ್ದು ಮಾಡುವ ಅಧಿಕಾರ ಕ್ಯಾಪ್ಟನ್‌ನದು. ಈ ಬಗೆಯ ಟಿಕೆಟಿನ ಕರಾರಿನಲ್ಲಿ ಆ ಮಾತು ಸಣ್ಣ ಅಕ್ಷರದಲ್ಲಿ ಇರುತ್ತದೆ. ಲಕ್ಷದ್ವೀಪ ಎಂಬ ಹೆಸರು ನೋಡಿ ಹಣ ಕಟ್ಟಿದವರು ದ್ವೀಪವನ್ನು ಹಡಗಿನ ಕಟಕಟೆಯಿಂದ ನೋಡಿ ಹಿಂತಿರುಗುವುದೂ ಸಾಧ್ಯ. ರದ್ದಾದರೆ ಎಷ್ಟು ಹಣ ವಾಪಸು ಎಂಬುದನ್ನು ಮಂಡಳದ ಪರವಾಗಿ ಟಿಕೆಟು ತೆಗೆಸುವವರು ಬರಹದಲ್ಲಿ ಪಡೆದಿರಬೇಕು. ಬಾಯಿಮಾತು ಬಲ್ಲಾರ್ಡ್ ಪಿಯರ್ ದಾಟುವುದಿಲ್ಲ.

ದ್ವೀಪಕ್ಕೆ ಕಾಲಿಡಲು ಪ್ರವೇಶ ಪರವಾನಗಿ ಬೇಕು. ಮೂಲನಿವಾಸಿಗಳ ಹಿತಕ್ಕಾಗಿ 1967ರಲ್ಲಿ ಮಾಡಿದ ನಿಯಮದಂತೆ ಹೊರಗಿನ ಭಾರತೀಯರಿಗೂ ಇದು ಕಡ್ಡಾಯ. ಹಡಗಿನ ಪ್ರವಾಸದಲ್ಲಿ ಕಂಪನಿಯೇ ಗುರುತಿನ ಚೀಟಿ ಪಡೆದು ಅದನ್ನು ಮಾಡಿಸುತ್ತದೆ. ಅಮೆರಿಕ, ದುಬೈಗಳಿಂದ ಬಂದ ನೆಂಟರನ್ನು ಜೊತೆಗೆ ಕರೆದೊಯ್ಯುವವರು ಗಮನಿಸಬೇಕು: ವಿದೇಶಿ ಪಾಸ್‌ಪೋರ್ಟಿನವರಿಗೆ ಕೆಲವೇ ದ್ವೀಪಗಳು ತೆರೆದಿವೆ. ಬಂಗಾರಂ ದ್ವೀಪ ಬಿಟ್ಟು ಉಳಿದೆಡೆ ಪಾನನಿಷೇಧವಿದೆ. ಹಡಗಿನ ಬಾರಿನಲ್ಲಿ ಸಿಕ್ಕದ್ದನ್ನು ಚೀಲದಲ್ಲಿ ಇಟ್ಟುಕೊಂಡು ದೋಣಿ ಹತ್ತುವಂತಿಲ್ಲ. ಜನರಲ್ಲಿ ನೂರಕ್ಕೆ ತೊಂಬತ್ತಾರು ಮಂದಿ ಮುಸ್ಲಿಮರು, ಬಹುತೇಕ ಎಲ್ಲರೂ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವವರು. ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಪದ್ಧತಿ ಅವರಲ್ಲಿದೆ. ದಕ್ಷಿಣ ಕನ್ನಡದ ಅಳಿಯಕಟ್ಟು ಬಲ್ಲವರಿಗೆ ಇದು ಅಚ್ಚರಿಯಲ್ಲ. ಮಾತು ಜೆಸರಿ ಎಂಬ ಬಗೆಯ ಮಲಯಾಳ. ತೆಂಕಣ ಮಿನಿಕಾಯಿಯಲ್ಲಿ ಮಾತ್ರ ಮಾಲ್ಡೀವ್ಸ್‌ನ ಭಾಷೆಗೆ ಸೇರಿದ ಮಹಲ್. ಈಜುಡುಗೆ ಕಡಲಂಚಿಗೆ ಸರಿ, ಊರ ಓಣಿಗೆ ಅಲ್ಲ.

ಇನ್ನು ನೀರು. ಈ ಪತ್ರದ ಹೆಚ್ಚಿನ ಜಾಗ ಅದಕ್ಕೇ ಸಲ್ಲಬೇಕು. ಹೊಳೆಯಿಲ್ಲದ ದ್ವೀಪದಲ್ಲಿ ಕುಡಿಯುವ ನೀರು ಎಲ್ಲಿಂದ? ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ತುಸು ಭಾರ. ಅವೆರಡರ ತೂಕದ ಅಂತರವೇ ದ್ವೀಪದವರ ಬಾವಿಗೆ ಆಧಾರ. ನಡುವೆ ದಪ್ಪ, ಅಂಚಿಗೆ ತೆಳುವಾದ ಈ ಪದರದ ಲೆಕ್ಕ ಹೀಗೆ: ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಅದು ಇರಬಹುದು. ಬಾವಿಯಿಂದ ಪಂಪು ಹಚ್ಚಿ ನೀರನ್ನು ಒಂದು ಅಡಿ ಇಳಿಸಿದರೆ ತಳದ ಉಪ್ಪುನೀರು ನಲವತ್ತು ಅಡಿ ಮೇಲೇರಲು ಹವಣಿಸುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಮಳೆಗಾಲಗಳು ಬೇಕು. ಶೌಚದ ಗುಂಡಿಯ ನೀರೂ ಅದೇ ಮರಳಿನಲ್ಲಿ ಇಂಗುವುದರಿಂದ ಬಾವಿಗೂ ಗುಂಡಿಗೂ ನಡುವಿನ ಅಂತರವೇ ಊರಿನ ಆರೋಗ್ಯ.

ಈ ಕೊರತೆ ನೀಗಲು ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿ ದ್ವೀಪದಲ್ಲಿ ಹೊಸ ಬಗೆಯ ಸ್ಥಾವರ ಹಾಕಿತು. 2011ರಲ್ಲಿ ಮಿನಿಕಾಯಿ ಮತ್ತು ಅಗತ್ತಿಗೂ ಅದು ಬಂತು. ಕಡಲ ಮೇಲ್ಮೈಯ ಬೆಚ್ಚಗಿನ ನೀರನ್ನು ಗಾಳಿ ಹೀರಿ ತೆಗೆದ ಪಾತ್ರೆಗೆ ಬಿಡುತ್ತಾರೆ. ಒತ್ತಡ ಕಡಿಮೆಯಾದ್ದರಿಂದ ಅದು ಬೆಂಕಿಯಿಲ್ಲದೆಯೇ ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಎಳೆದ ತಣ್ಣೀರಿನ ಕೊಳವೆಗೆ ಆ ಆವಿ ತಾಗಿ ಸಿಹಿನೀರಾಗಿ ಇಳಿಯುತ್ತದೆ. ದಡದಿಂದ ಕೆಲವೇ ನೂರು ಮೀಟರಿಗೆ ಅಷ್ಟು ಆಳ ಸಿಗುವುದು ಹವಳದ್ವೀಪಗಳ ಅನುಕೂಲ. ಒಂದು ಸ್ಥಾವರದ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ಅಗತ್ತಿಯ 2011ರ ಜನಸಂಖ್ಯೆ 7,566ಕ್ಕೆ ಹಂಚಿದರೆ ತಲೆಗೆ 13 ಲೀಟರ್, ಅಂದರೆ ಒಂದು ಕೊಡ.

ಈ ಲೆಕ್ಕ ಇಚಲಕರಂಜಿಗೆ ಬೇಗ ಅರ್ಥವಾಗುತ್ತದೆ. ಪಂಚಗಂಗೆಯ ದಂಡೆಯಲ್ಲಿ ಇದ್ದೂ ಆ ನೀರು ಕುಡಿಯಲಾಗದೆ ಕೃಷ್ಣೆಯ ಮಜರೇವಾಡಿಯಿಂದ ಕೊಳವೆ ಎಳೆದ ಊರು ಇದು. ವಾರಣಾ ನದಿಯ ದಾನೋಳಿ ಯೋಜನೆ, ದೂಧಗಂಗೆಯ ಸುಳಕೂಡ ಯೋಜನೆ ಎರಡಕ್ಕೂ ದಂಡೆಯ ಹಳ್ಳಿಗಳು ಅಡ್ಡ ನಿಂತದ್ದನ್ನು ಕಂಡ ಊರು. 2012ರಲ್ಲಿ ಕಾಮಾಲೆ ಮನೆಮನೆಗೆ ಹಬ್ಬಿದಾಗ ನೀರಿನ ಬೆಲೆ ಏನೆಂದು ಕಲಿತ ಊರು. ‘ನಮ್ಮ ನೀರು ನಿಮಗೆ ಕೊಟ್ಟರೆ ನಮಗೇನು?’ ಎಂದು ದಾನೋಳಿಯವರು ಕೇಳಿದ ಪ್ರಶ್ನೆಯನ್ನು ದ್ವೀಪದವರು ಬಾಯಿಬಿಟ್ಟು ಕೇಳಲಿಕ್ಕಿಲ್ಲ. ಹಾಗಿದ್ದರೂ ಪ್ರಶ್ನೆ ಅಲ್ಲಿಯೂ ಅದೇ.

ಜನರ ಲೆಕ್ಕವನ್ನೂ ಹಾಕಬಹುದು. ಹಡಗಿನಿಂದ 1,500 ಮಂದಿ ಅಗತ್ತಿಯಂಥ ದ್ವೀಪದಲ್ಲಿ ಇಳಿದರೆ ಅದು ಊರಿನ ಜನರ ಐದರಲ್ಲಿ ಒಂದು ಪಾಲು. ಇಚಲಕರಂಜಿಯ 2011ರ ಜನಸಂಖ್ಯೆ 2,87,353. ಅದೇ ಪ್ರಮಾಣದಲ್ಲಿ ಇಲ್ಲಿಗೆ ಅತಿಥಿಗಳು ಬಂದರೆ ಒಂದೇ ಬೆಳಗ್ಗೆ 57,000 ಜನ ಗಾಂಧಿ ಪುತಳಾದ ಸುತ್ತ ಶೌಚಾಲಯ ಹುಡುಕುತ್ತ ನಿಂತಿರುತ್ತಾರೆ. ಸಂಜೆಗೆ ಅವರೆಲ್ಲ ಹೊರಟುಹೋಗುತ್ತಾರೆ, ಊಟವೂ ವಸತಿಯೂ ಬೇರೆಡೆ. ಊರಿಗೆ ಉಳಿಯುವುದು ಎಳನೀರು, ದೋಣಿ, ಆಟೋ ಬಾಡಿಗೆಯ ಒಂದಿಷ್ಟು ಹಣ ಮತ್ತು ಖಾಲಿ ಬಾಟಲಿಗಳು. ಹಡಗಿನ ನಿಲುಗಡೆಯಿಂದ ದ್ವೀಪಕ್ಕೆ ಲಾಭ ಆಗುವುದೇ ಇಲ್ಲ ಎನ್ನಲಾಗದು. ಟಿಕೆಟಿನ ಮುಖ್ಯ ಹಣ ಮಾತ್ರ ಹಡಗಿನಿಂದ ಇಳಿಯುವುದಿಲ್ಲ.

ದಡದಲ್ಲಿ ನೋಡುವುದೇನು? ಗಾಜಿನ ತಳದ ದೋಣಿ, ಕಯಾಕ್, ನೀರಿನ ಮೇಲೆ ತೇಲುತ್ತ ಮುಖ ಮುಳುಗಿಸಿ ನೋಡುವ ಸ್ನಾರ್ಕೆಲಿಂಗ್. ಬಿಳಿ ಮರಳಿನ ಬಹುಭಾಗ ಹವಳವೇ: ಗಿಳಿಮೀನು ಹವಳದ ಮೇಲಿನ ಪಾಚಿಯನ್ನು ಕೆರೆದು ತಿಂದು, ಜೊತೆಗೆ ಬಂದ ಸುಣ್ಣವನ್ನು ನುಣ್ಣಗೆ ಅರೆದು ಹೊರಹಾಕುತ್ತದೆ. ಹವಳ ಕಲ್ಲಲ್ಲ, ಪ್ರಾಣಿಗಳ ಬೀಡು. ಅದರ ಮೇಲೆ ನಿಂತರೆ ಕಾಲು ಕೊಯ್ದುಕೊಳ್ಳುತ್ತದೆ, ಹವಳ ಸಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹವಳಕ್ಕೆ ಜಾಗವಿದೆ, ಹುಲಿಗೆ ಇರುವ ಹಾಗೆ. ದಡದಲ್ಲಿ ಬಿದ್ದ ತುಂಡನ್ನು ಷೋಕೇಸಿಗೆಂದು ಚೀಲಕ್ಕೆ ಹಾಕಿಕೊಂಡರೂ ಅಪರಾಧವೇ.

ಈ ಹವಳ ಈಗಾಗಲೇ ಬಸವಳಿದಿದೆ. 1998, 2010, 2016 ಮತ್ತು 2024ರಲ್ಲಿ ಕಡಲು ಅತಿಯಾಗಿ ಬಿಸಿಯಾಗಿ ಹವಳಗಳು ಬಣ್ಣ ಕಳೆದುಕೊಂಡವು. ಅಗತ್ತಿ, ಕದ್ಮತ್, ಕವರತ್ತಿಗಳಲ್ಲಿ 1998ರಿಂದ 24 ವರ್ಷ ನಡೆದ ಅಧ್ಯಯನದಲ್ಲಿ ಜೀವಂತ ಹವಳದ ಹರವು ಸುಮಾರು ಅರ್ಧಕ್ಕೆ ಇಳಿದದ್ದು ಕಂಡುಬಂತು. ಅಲೆಯನ್ನು ತಡೆಯುವ ಗೋಡೆ ಅದೇ ಆದ್ದರಿಂದ ಅದರ ಅಳಿವು ನೆಲದ ಅಳಿವೂ ಹೌದು. ಬಂಗಾರಂ ಬಳಿಯ ಪರಳಿ-1 ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪ ಪೂರ್ತಿ ಕೊಚ್ಚಿಹೋದ ಸಂಗತಿ 2017ರಲ್ಲಿ ಸಂಶೋಧನೆಯಿಂದ ಹೊರಬಿತ್ತು. ಬಿಸಿಯಾಗುವ ಕಡಲಿಗೆ ಒಬ್ಬ ಪ್ರವಾಸಿ ಕಾರಣನಲ್ಲ. ಹವಳದ ಮೇಲೆ ಊರುವ ಕಾಲು ಮಾತ್ರ ಅವನದೇ.

ಹಿಂತಿರುಗುವ ಹೊತ್ತಿನ ಬಗ್ಗೆ ಒಂದು ಎಚ್ಚರಿಕೆ ಸಾಕು. ಕೊನೆಯ ದೋಣಿ ತಪ್ಪಿಸಿಕೊಂಡವರಿಗಾಗಿ ಹಡಗು ಕಾಯುವುದಿಲ್ಲ. ಅಗತ್ತಿಯಲ್ಲಿ 1988ರಿಂದ ವಿಮಾನ ನಿಲ್ದಾಣವಿದೆಯಾದರೂ ರನ್‌ವೇ ಕೇವಲ 1,200 ಮೀಟರಿನಷ್ಟು. ಇಳಿಯುವುದು ಸಣ್ಣ ವಿಮಾನಗಳು, ಸೀಟುಗಳೂ ಅಷ್ಟಕ್ಕಷ್ಟೆ.

ಅರ್ಧ ದಿನದ ನಿಲುಗಡೆಯಲ್ಲಿ ದ್ವೀಪವನ್ನು ನೋಡಿದಂತಾಗುತ್ತದೆಯೇ? ಕಡಲನ್ನು ನೋಡಿದಂತಾಗುತ್ತದೆ, ಹಡಗನ್ನು ಅನುಭವಿಸಿದಂತಾಗುತ್ತದೆ, ದ್ವೀಪವನ್ನು ಅಲ್ಲ. ಅದನ್ನೇ ನೋಡಬೇಕೆನ್ನುವವರಿಗೆ ಬೇರೆ ದಾರಿಯಿದೆ. ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆ ‘ಸ್ಪೋರ್ಟ್ಸ್’ ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ ಐದು ದಿನಗಳ ‘ಸಮುದ್ರಂ’ ಪ್ರವಾಸ ನಡೆಸುತ್ತ ಬಂದಿದೆ: ಕವರತ್ತಿ, ಕಲ್ಪೇನಿ, ಮಿನಿಕಾಯಿಗಳಲ್ಲಿ ಒಂದೊಂದು ಹಗಲು, ರಾತ್ರಿ ಹಡಗಿನಲ್ಲಿ ನಿದ್ದೆ. ಅದು ದ್ವೀಪದವರೇ ಊರಿಗೆ ಹೋಗಿ ಬರುವ ಹಡಗು. ಆಸ್ಪತ್ರೆಗೆ ಹೋಗಿ ಬರುವವರು, ಕಾಲೇಜು ಮಕ್ಕಳು, ಅಕ್ಕಿ ಮೂಟೆಯವರು ಜೊತೆಗಿರುತ್ತಾರೆ. ಮಿನಿಕಾಯಿಯ 1885ರ ದೀಪಸ್ತಂಭ ಹತ್ತಿದರೆ ಲಗೂನ್ ಇಡಿಯಾಗಿ ಕಾಣುತ್ತದೆ. ಅಷ್ಟು ದಿನವೂ ಹಣವೂ ಇಲ್ಲದವರಿಗೆ ಮಲ್ಪೆಯ ಸೇಂಟ್ ಮೇರಿಸ್ ದ್ವೀಪವಿದೆ. ಅಲ್ಲಿ ಜನವಸತಿಯಿಲ್ಲ, ಅದು ಹವಳದ್ವೀಪವೂ ಅಲ್ಲ. ಲಾವಾ ತಣಿದು ಕಂಬ ಕಂಬವಾಗಿ ನಿಂತ ಬಂಡೆ, ದೋಣಿಯಲ್ಲಿ ಅರ್ಧ ಗಂಟೆಯೊಳಗಿನ ದಾರಿ.

ಹಡಗಿನಲ್ಲಿಯೇ ಹೋಗುವವರಿಗೆ ಕೋರಿಕೆಗಳು ಕೆಲವೇ. ಹಡಗಿನಲ್ಲಿಯೇ ಸ್ನಾನ ಮುಗಿಸಿ ಇಳಿಯಬೇಕು. ಉಪ್ಪು ತೊಳೆಯಲು ದ್ವೀಪದ ನಲ್ಲಿ ತಿರುಗಿಸದೆ ಸಂಜೆ ಹಡಗಿಗೆ ಮರಳಿದ ಮೇಲೆ ತೊಳೆದುಕೊಳ್ಳಬೇಕು. ಕುಡಿಯುವ ನೀರನ್ನು ಮನೆಯ ಸ್ಟೀಲ್ ಬಾಟಲಿಯಲ್ಲಿ ಹಡಗಿನಿಂದಲೇ ತುಂಬಿಕೊಂಡು ಒಯ್ಯಬೇಕು. ಭಡಂಗದ ಪೊಟ್ಟಣ, ಗುಟಕಾ ಚೀಟಿ ಏನೇ ಇದ್ದರೂ ಖಾಲಿ ಕವರು ಅದೇ ಚೀಲದಲ್ಲಿ ಹಿಂತಿರುಗಬೇಕು, ಏಕೆಂದರೆ ದ್ವೀಪದಲ್ಲಿ ಕಸ ಹೂಳಲು ನೆಲವಿಲ್ಲ. ಎಳನೀರು, ತೆಂಗಿನ ಚಿಕ್ಕಿ, ಉಪ್ಪಿನಕಾಯಿ ಕೊಳ್ಳುವುದಿದ್ದರೆ ಚೌಕಾಸಿ ಮಾಡದೆ ದ್ವೀಪದವರ ಕೈಯಿಂದಲೇ ಕೊಳ್ಳಬೇಕು. ಸಣ್ಣ ನೋಟುಗಳು ಜೇಬಿನಲ್ಲಿರಲಿ. ಮುಂದಿನ ದೀಪಾವಳಿಗೆ ಟಿಕೆಟು ತೆಗೆಸುವ ಮಂಡಳಗಳು ಈ ನಾಲ್ಕು ಮಾತನ್ನು ತಮ್ಮ ಸದಸ್ಯರಿಗೆ ಹೊರಡುವ ಮುನ್ನವೇ ಓದಿ ಹೇಳಬೇಕೆಂದು ವಿನಂತಿ.